ಜೊತೆಗಿದ್ದವರ ಹೆಸರು

ನನ್ನ ಅಳಿಯ ಬೆಟ್ಟ ಹತ್ತುವವನು. ಬೆಟ್ಟವೆಂದರೆ ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ಮನೆ ಸೇರುವ ಬೆಟ್ಟವಲ್ಲ. ಎಂಟು ಸಾವಿರ ಮೀಟರು ಎತ್ತರದವು. ಅಲ್ಲಿ ಮೂರು ಸಲ ಉಸಿರೆಳೆದರೆ ಇಲ್ಲಿಯ ಒಂದು ಉಸಿರಿಗೆ ಸಮ. ಅಲ್ಲಿಗೆ ಈ ಮಹಾನುಭಾವ ಒಬ್ಬನೇ ಹೋಗುತ್ತಾನೆ. ಹಗ್ಗದ ಇನ್ನೊಂದು ತುದಿ ಹಿಡಿಯುವವರಿಲ್ಲ, ಹೊರೆ ಹೊರುವವರಿಲ್ಲ, ಮೂಗಿಗೆ ಆಮ್ಲಜನಕದ ಕೊಳವೆಯೂ ಇಲ್ಲ. ಪತ್ರಿಕೆಯವರು ಅವನನ್ನು ‘ಒಂಟಿಸಲಗ’ ಎಂದು ಬರೆಯುತ್ತಾರೆ. ಬರೆಯುವವರಿಗೇನು, ದೂರದ ಬೆಟ್ಟ ನುಣ್ಣಗೆ. ಆ ಸಲಗ ವರ್ಷದಲ್ಲಿ ಒಂಬತ್ತು ತಿಂಗಳು ಇರುವುದು ನನ್ನ ಮನೆಯಲ್ಲಿ. ನನ್ನ ಬಾಲ್ಕನಿಯಲ್ಲಿ ಅದರ ಹಗ್ಗ ಒಣಗುತ್ತದೆ, ಕೊಡೆ ಇಡುವ ಡಬ್ಬದಲ್ಲಿ ಅದರ ಹಿಮಗೊಡಲಿ ನಿಂತಿರುತ್ತದೆ, ಫ್ರಿಜ್ಜಿನ ಮೇಲಿಂದ ಬೂಟಿಗೆ ಕಟ್ಟುವ ಉಕ್ಕಿನ ಮುಳ್ಳುಗಳು ನನ್ನನ್ನೇ ನೋಡುತ್ತಿರುತ್ತವೆ.

ನಾಲ್ಕು ವರ್ಷದಿಂದ ನಾನು ಅವನ ಜೊತೆ ಮಾತು ಬಿಟ್ಟಿದ್ದೆ. ಕಾರಣ ಸಣ್ಣದಲ್ಲ. ಮದುವೆ ರಿಜಿಸ್ಟರ್ ಮಾಡಿಸಿ ಹೊರಗೆ ಬಂದಾಗ, ನನ್ನ ಮುಖ ನೋಡಿಕೊಂಡೇ, "ಇನ್ನು ದೊಡ್ಡ ಬೆಟ್ಟ ಸಾಕು ಅತ್ತೆ" ಎಂದಿದ್ದ. ನಲವತ್ತನೆಯ ದಿನ ನೋಡಿದರೆ ಹಾಲ್‌ನಲ್ಲಿ ಚೀಲ ಕಟ್ಟುತ್ತಿದ್ದಾನೆ. ಕೇಳಿದ್ದಕ್ಕೆ, "ಇದು ಅಷ್ಟೇನೂ ದೊಡ್ಡದಲ್ಲ" ಎಂದ. ಏಳು ಸಾವಿರದ ಒಂಬೈನೂರ ಚಿಲ್ಲರೆ ಮೀಟರು. ಅವತ್ತಿನಿಂದ ಮಾತು ಬಂದ್.

ಒಂದೇ ಮನೆಯಲ್ಲಿದ್ದು ಮಾತು ಬಿಡುವುದು ಸುಲಭವಲ್ಲ, ಅದಕ್ಕೊಂದು ಶಿಸ್ತು ಬೇಕು. ಮಗಳು ಮನೆಯಲ್ಲಿದ್ದರೆ ಅವಳ ಮೂಲಕ ಹೇಳಿಸುತ್ತಿದ್ದೆ. ಅವಳಿಲ್ಲದಾಗ ಗೋಡೆ ಗಡಿಯಾರ ಇತ್ತು. "ಯಾರೋ ಒದ್ದೆ ಕಾಲುಚೀಲ ಸೋಫಾ ಮೇಲೆ ಬಿಸಾಕಿದ್ದಾರೆ" ಎಂದು ಗಡಿಯಾರಕ್ಕೆ ಹೇಳುತ್ತಿದ್ದೆ. "ಯಾರೋ ಈಗ ತೆಗೀತಾರೆ" ಎಂದು ಅವನೂ ಅದೇ ಗಡಿಯಾರಕ್ಕೆ ಹೇಳುತ್ತಿದ್ದ. ನಮ್ಮ ಗಡಿಯಾರ ತಿಂದಷ್ಟು ಬೈಗುಳವನ್ನು ಇನ್ನೊಂದು ಗಡಿಯಾರ ತಿಂದಿರಲಾರದು.

ಇವನು ನಮ್ಮ ಮನೆ ಸೇರಿದ್ದಕ್ಕೆ ತಪ್ಪು ನನ್ನದೇ, ಬೇರೆಯವರನ್ನು ಅಂದು ಪ್ರಯೋಜನವಿಲ್ಲ. ಮೂವತ್ತೊಂದು ವರ್ಷ ನಾನು ಶಸ್ತ್ರಚಿಕಿತ್ಸೆ ವಾರ್ಡಿನ ಸಿಸ್ಟರ್ ಆಗಿದ್ದವಳು. ಹೊಟ್ಟೆ ಕೊಯ್ಸಿಕೊಂಡವರನ್ನು, ಮೂಳೆಗೆ ರಾಡು ಹಾಕಿಸಿಕೊಂಡವರನ್ನು ಎರಡನೆಯ ದಿನವೇ ಹಾಸಿಗೆಯಿಂದ ಎಬ್ಬಿಸಿ ನಡೆಸುವುದು ನನ್ನ ಕೆಲಸ. ಮಲಗಿದಲ್ಲೇ ಮಲಗಿದರೆ ಎದೆಯಲ್ಲಿ ಕಫ ಕಟ್ಟುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಜನ ಅಳುತ್ತಿದ್ದರು, ನನಗೆ ಹಿಡಿಶಾಪ ಹಾಕುತ್ತಿದ್ದರು, ಆಮೇಲೆ ನಡೆದುಕೊಂಡು ಮನೆಗೆ ಹೋಗುತ್ತಿದ್ದರು. ಬೆನ್ನ ಹಿಂದೆ ನನಗೆ ‘ಏಳಪ್ಪ ಸಿಸ್ಟರ್’ ಎಂದು ಹೆಸರಿಟ್ಟಿದ್ದು ನನಗೆ ಗೊತ್ತಿತ್ತು. ಬಂಡೆಯಿಂದ ಬಿದ್ದು ತೊಡೆ ಮುರಿದುಕೊಂಡ ಇವನು ಬಂದು ಮಲಗಿದ್ದು ನನ್ನ ವಾರ್ಡಿನ ಏಳನೆಯ ಹಾಸಿಗೆಯಲ್ಲಿ. ನನಗೆ ಊಟದ ಡಬ್ಬಿ ತರುತ್ತಿದ್ದ ಮಗಳು ಆ ಹಾಸಿಗೆಯ ಹತ್ತಿರ ಯಾಕೆ ನಿಧಾನವಾಗುತ್ತಾಳೆ ಎಂದು ನನಗೆ ಹೊಳೆಯುವ ಹೊತ್ತಿಗೆ ಕಾಲ ಮಿಂಚಿತ್ತು. ಗಿಣಿ ಸಾಕಿ ಬೆಕ್ಕಿಗೆ ಕೊಟ್ಟೆ. ಆ ಬೆಕ್ಕಿನ ಕಾಲು ಸರಿಮಾಡಿ ಓಡಾಡಿಸಿದವಳೂ ನಾನೇ.

ನನಗೆ ಅವನು ಸಾಯುವುದರ ಭಯ. ಬಿಡಿಸಿ ಹೇಳಬೇಕೆಂದರೆ, ಮಗಳು ನನ್ನಂತಾಗುವುದರ ಭಯ. ನನ್ನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಮಗಳಿಗೆ ಐದು ವರ್ಷವಿದ್ದಾಗ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಟೈರಿನ ಪಕ್ಕ ಕೂತವರು ಏಳಲಿಲ್ಲ. ಊರಿನವರನ್ನೆಲ್ಲ ಎಬ್ಬಿಸುವ ನಾನು ಅಲ್ಲಿರಲಿಲ್ಲ. ಮೂವತ್ತು ವರ್ಷ ಒಬ್ಬಳೇ ಬಾಳು ಸಾಗಿಸುವುದು ಏನೆಂದು ನನಗೆ ಗೊತ್ತು, ಅದನ್ನು ಮಗಳು ಕಲಿಯುವುದು ಬೇಡ.

ಈ ಸಲ ಅಳಿಯ ಐವತ್ತೆರಡು ದಿನ ಹೋಗಿದ್ದ. ಶಿಖರ ಮುಟ್ಟಿದ. ಇಳಿಯುವಾಗ ಮಂಜು ಕವಿದು, ಎಡಗಾಲಿನ ಎರಡು ಬೆರಳನ್ನು ಹಿಮಕ್ಕೆ ಕೊಟ್ಟು ಬಂದ. ಆಸ್ಪತ್ರೆಯಲ್ಲಿ ಅವೆರಡನ್ನೂ ತೆಗೆದು, ಆರು ವಾರ ಆ ಕಾಲನ್ನು ನೆಲಕ್ಕೆ ತಾಕಿಸಬಾರದು ಎಂದರು. ಬಾಡಿಗೆಗೆ ಗಾಲಿಕುರ್ಚಿ ಬಂತು. ದಿನಾ ಬೆಳಿಗ್ಗೆ ಡ್ರೆಸಿಂಗ್ ಮಾಡುವವಳು ನಾನು. ಮಾತಿಲ್ಲ ಎಂದು ಗಾಯವನ್ನು ಬಿಡುವುದಕ್ಕಾಗುತ್ತದೆಯೇ. "ಕೀವು ಇಲ್ಲ, ಒಳ್ಳೇದು" ಎಂದು ಬ್ಯಾಂಡೇಜಿಗೆ ಹೇಳುತ್ತಿದ್ದೆ. ಬ್ಯಾಂಡೇಜು ಪಾಪ, "ಥ್ಯಾಂಕ್ಸ್" ಎನ್ನುತ್ತಿತ್ತು.

ಸರಿ, ಇನ್ನಾದರೂ ಬುದ್ಧಿ ಬಂತು ಎಂದುಕೊಳ್ಳುವಷ್ಟರಲ್ಲಿ ಒಂದು ಬೂಟಿನ ಕಂಪನಿಯವರಿಂದ ಕಾಗದ ಬಂತು. ಕಾಲ್ಬೆರಳು ಕಡಿಮೆಯಾದವನೇ ಬೂಟಿನವರಿಗೆ ಬೇಕಾಗಿದ್ದನೇನೋ. ಬರುವ ವಸಂತದಲ್ಲಿ ಇನ್ನೊಂದು ಶಿಖರದ ಉತ್ತರದ ಗೋಡೆಯನ್ನು ಹತ್ತುವುದಾದರೆ ಎಲ್ಲ ಖರ್ಚನ್ನೂ ತಾವೇ ನೋಡಿಕೊಳ್ಳುವುದಾಗಿ ಬರೆದಿದ್ದರು. ಆ ಗೋಡೆಗೆ ಇದುವರೆಗೆ ಒಬ್ಬರೇ ಹೋದವರು ಏಳು ಜನ, ವಾಪಸ್ ಬಂದವರು ಮೂವರು. ಷರತ್ತು ಒಂದೇ. ಈಗ ಮುಗಿಸಿ ಬಂದದ್ದು ನಿಜವಾಗಿ ಒಬ್ಬಂಟಿ ಆರೋಹಣ ಎಂದು ಪರ್ವತಾರೋಹಣ ಸಂಘದವರು ಪ್ರಮಾಣಪತ್ರ ಕೊಡಬೇಕು.

ಆ ಪ್ರಮಾಣಪತ್ರದ ಫಾರಂ ತುಂಬುವುದಕ್ಕೆ ಮಗಳು ಕೂತಳು. ಅವಳು ಅಂಚೆ ಕಚೇರಿಯಲ್ಲಿ ಕೌಂಟರಿನವಳು, ಫಾರಂನಲ್ಲಿ ಒಂದು ಜಾಗ ಖಾಲಿ ಉಳಿದರೂ ಅವಳಿಗೆ ಅನ್ನ ಸೇರುವುದಿಲ್ಲ. ಅಡುಗೆಮನೆಯ ಮೇಜಿನ ಆ ಕಡೆ ಅಳಿಯ, ಈ ಕಡೆ ನಾನು ಬೀನ್ಸ್ ನಾರು ತೆಗೆಯುತ್ತಾ ಕೂತಿದ್ದೆವು.

"ಜೊತೆಗಿದ್ದವರ ಹೆಸರು," ಮಗಳು ಓದಿದಳು. "ಯಾರೂ ಇಲ್ಲ ಅಂತ ಬರೀತೀನಿ."

"ಹಾಗೆ ಬರೆದ್ರೆ ಸುಳ್ಳಾಗುತ್ತೆ," ಎಂದ ಅಳಿಯ. "ಇಳಿಯೋವಾಗ ಒಬ್ಬರಿದ್ರು."

"ಬೇರೆ ತಂಡದವರಾ?"

"ಅಲ್ಲ. ಮಂಜು ಕವಿದ ಮೇಲೆ ಬಂದ್ರು. ಡೇರೆ ಕಾಣಿಸೋವರೆಗೂ ಇದ್ರು. ಆಮೇಲೆ ಇರಲಿಲ್ಲ."

ಮಗಳು ನನ್ನ ಮುಖ ನೋಡಿದಳು. ಇದರಲ್ಲಿ ನನಗೇನೂ ಆಶ್ಚರ್ಯ ಕಾಣಲಿಲ್ಲ. ಮೆದುಳಿಗೆ ಗಾಳಿ ಸಾಲದಿದ್ದರೆ ಮನುಷ್ಯನಿಗೆ ಯಾರು ಯಾರೋ ಕಾಣುತ್ತಾರೆ. ಅರಿವಳಿಕೆ ಇಳಿಯುವ ಹೊತ್ತಿನಲ್ಲಿ ಸ್ಟೂಲಿನ ಜೊತೆ ಮದುವೆ ಮಾತುಕತೆ ನಡೆಸಿದವರನ್ನೂ ನಾನು ನೋಡಿದ್ದೇನೆ. "ಅದು ಭ್ರಮೆ ಅಂತ ಹೇಳು ನಿನ್ನ ಗಂಡನಿಗೆ" ಎಂದೆ.

"ಭ್ರಮೆ ಅಂತ ನನಗೂ ಗೊತ್ತು," ಅಳಿಯ ಮಗಳಿಗೆ ಹೇಳಿದ. "ಆದ್ರೆ ಅವರಿಲ್ಲದೇ ಇದ್ರೆ ನಾನು ವಾಪಸ್ ಬರ್ತಿರಲಿಲ್ಲ. ಇರಲಿಲ್ಲ ಅಂತ ಹೇಗೆ ಬರೀಲಿ?"

"ಗಂಡಸಾ, ಹೆಂಗಸಾ?" ಮಗಳು ಕೇಳಿದಳು.

ಅಳಿಯ ಚಹಾದ ಲೋಟವನ್ನು ಒಂದು ಸುತ್ತು ತಿರುಗಿಸಿದ. "ಹೆಂಗಸು."

"ನನಗೆ ಗೊತ್ತಿರೋರಾ?"

"ಹೂಂ."

"ಯಾರು?"

"ಅದೊಂದು ಕೇಳಬೇಡ. ಅವರಿಗೆ ಇಷ್ಟ ಆಗಲ್ಲ."

ಎಂಟು ಸಾವಿರ ಮೀಟರು ಎತ್ತರದಲ್ಲಿ, ಉಸಿರಿಗೇ ಗತಿಯಿಲ್ಲದ ಕಡೆ, ಇಲ್ಲದ ಹೆಂಗಸೊಬ್ಬಳ ಮೇಲೆ ನನ್ನ ಮಗಳಿಗೆ ಹೊಟ್ಟೆಕಿಚ್ಚು ಶುರುವಾಯಿತು. ಪೆನ್ನು ಮುಚ್ಚಿಟ್ಟು ಎದ್ದು ಹೋದಳು. ಅವನೊಡನೆ ಕಲಿತವರು, ಹತ್ತಿದವರು, ಅವನಿಗೆ ವ್ಯಾಯಾಮ ಹೇಳಿಕೊಟ್ಟವರು, ಹೀಗೆ ಗೊತ್ತಿದ್ದ ಹೆಂಗಸರನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ವಿಚಾರಣೆ ಮಾಡಿದಳೆಂದು ಕಾಣುತ್ತದೆ. ಎರಡು ದಿನ ಅವಳೂ ಗಂಡನ ಜೊತೆ ಮಾತು ಬಿಟ್ಟಳು. ಗಡಿಯಾರಕ್ಕೆ ಕೆಲಸ ಎರಡರಷ್ಟಾಯಿತು. ಅಳಿಯ ಮಾತ್ರ ತನ್ನ ಕೈಯಾರೆ ಆ ಜಾಗದಲ್ಲಿ, ‘ಒಬ್ಬರಿದ್ದರು. ಹೆಸರು ಹೇಳಲಾರೆ’ ಎಂದು ಬರೆದು ಫಾರಂ ಕಳಿಸಿಬಿಟ್ಟ.

ಮೂರನೆಯ ದಿನ ಸಂಘದ ಕಾರ್ಯದರ್ಶಿಯ ಫೋನು ಬಂತು. ಜೊತೆಗೊಬ್ಬರಿದ್ದರೆ ಒಬ್ಬಂಟಿ ಎಂದು ಪ್ರಮಾಣಪತ್ರ ಕೊಡಲು ನಿಯಮದಲ್ಲಿ ಅವಕಾಶವಿಲ್ಲ, ಗುರುವಾರ ಹನ್ನೊಂದಕ್ಕೆ ಸಮಿತಿಯ ಮುಂದೆ ಬಂದು ವಿವರಿಸಬೇಕು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಪ್ರಮಾಣಪತ್ರವಿಲ್ಲ ಎಂದರೆ ಬೂಟಿನವರಿಲ್ಲ, ಬೂಟಿನವರಿಲ್ಲ ಎಂದರೆ ಆ ಗೋಡೆಯೂ ಇಲ್ಲ. ಆ ಕಾಣದ ಹೆಂಗಸಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಯಾರೇ ಆಗಿರಲಿ ತಾಯಿ, ಗಟ್ಟಿಯಾಗಿ ನಿಲ್ಲು, ಜಾರಬೇಡ ಎಂದೆ.

ಗುರುವಾರ ಮಗಳಿಗೆ ರಜೆ ಸಿಗಲಿಲ್ಲ. ಗಾಲಿಕುರ್ಚಿ ತಳ್ಳುವವರು ಯಾರು? ಮನೆಯಲ್ಲಿ ಉಳಿದವಳು ನಾನೊಬ್ಬಳೇ. ಬಸ್ ನಿಲ್ದಾಣದ ಪಕ್ಕದ ರಸ್ತೆಯಲ್ಲಿ, ಕಿತ್ತುಹೋದ ಫುಟ್‌ಪಾತಿನ ಮೇಲೆ, ಮಾತಿಲ್ಲದ ಅತ್ತೆ ಮಾತಿಲ್ಲದ ಅಳಿಯನನ್ನು ತಳ್ಳಿಕೊಂಡು ಹೊರಟಳು. "ಮುಂದೆ ಗುಂಡಿ ಇದೆ" ಎಂದು ಅವನು ಗಾಳಿಗೆ ಹೇಳುತ್ತಿದ್ದ. "ಕಣ್ಣಿದೆ" ಎಂದು ನಾನು ಗಾಳಿಗೆ ಹೇಳುತ್ತಿದ್ದೆ. ದಾರಿಯಲ್ಲಿ ಒಬ್ಬರು ತಡೆದು ನಿಲ್ಲಿಸಿ, "ಒಂಟಿಸಲಗ ಅಲ್ವಾ ನೀವು" ಎಂದು ಅವನ ಕೈ ಕುಲುಕಿದರು. ಹಿಂದೆ ತಳ್ಳುತ್ತಿದ್ದವಳು ಅವರ ಕಣ್ಣಿಗೆ ಬೀಳಲಿಲ್ಲ.

ಸಂಘದ ಕಚೇರಿ ಸೈಕಲ್ ರಿಪೇರಿ ಅಂಗಡಿಯ ಮೇಲಿದೆ. ಇಪ್ಪತ್ತೆರಡು ಮೆಟ್ಟಿಲು, ಮಧ್ಯದಲ್ಲೊಂದು ತಿರುವು, ಲಿಫ್ಟ್ ಇಲ್ಲ. ಸೈಕಲ್ ಅಂಗಡಿಯ ಇಬ್ಬರು ಗ್ರೀಸ್ ಕೈ ಒರೆಸಿಕೊಂಡು, ಕೈಗೆ ಕೈ ಹೆಣೆದು ಅಳಿಯನನ್ನು ಕೂರಿಸಿಕೊಂಡು ಮೇಲೆ ಹೊತ್ತರು. ಗಾಲಿಕುರ್ಚಿ ಕೆಳಗೇ ಉಳಿಯಿತು. ನಾನು ಮಂಡಿ ಹಿಡಿದುಕೊಂಡು, ಕಂಬಿಗೆ ಜೋತುಬಿದ್ದು, ನಾಲ್ಕು ಕಡೆ ನಿಂತು ಹತ್ತಿದೆ.

ಒಳಗೆ ಮೂವರಿದ್ದರು. ಕಾರ್ಯದರ್ಶಿ ಭೂಮಾಪನ ಇಲಾಖೆಯಿಂದ ನಿವೃತ್ತರಾದವರು. ನನ್ನನ್ನು ಕಂಡೊಡನೆ ಎದ್ದು ನಿಂತರು. ಎಂಟು ವರ್ಷದ ಹಿಂದೆ ಹರ್ನಿಯಾ ಆಪರೇಷನ್ ಆಗಿ ನನ್ನ ವಾರ್ಡಿನ ಮೂರನೆಯ ಹಾಸಿಗೆಯಲ್ಲಿದ್ದವರು, ಹಾಗಾಗಿ ಅದು ಅಭ್ಯಾಸಬಲ. ಪಕ್ಕದಲ್ಲಿ ಎತ್ತರದ ಕಾಯಿಲೆಗಳನ್ನು ಓದಿಕೊಂಡಿರುವ ಒಬ್ಬರು ಡಾಕ್ಟರು. ಕಿಟಕಿಯ ಹತ್ತಿರ ಒಬ್ಬ ಹಳೆಯ ಪರ್ವತಾರೋಹಿ; ಹಿಮ ಕಚ್ಚಿ ಎರಡು ಬೆರಳು ಹೋದ ಮೇಲೆ ಎಲ್ಲರೂ ಅವರನ್ನು ಎಂಟುಬೆರಳಜ್ಜ ಎನ್ನುತ್ತಾರೆ. ನಾನು ಹಿಂದಿನ ಬೆಂಚಿನಲ್ಲಿ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡೆ.

"ಏನಾಯ್ತು ಅಂತ ಮೊದಲಿಂದ ಹೇಳಿ," ಎಂದರು ಕಾರ್ಯದರ್ಶಿ.

ಅಳಿಯ ಹೇಳಿದ. ಮಧ್ಯಾಹ್ನ ಒಂದಕ್ಕೆ ಶಿಖರ ಮುಟ್ಟಿದ್ದ. ಎರಡಕ್ಕೆ ಮಂಜು ಕವಿಯಿತು, ತನ್ನ ಬೂಟೇ ತನಗೆ ಕಾಣದಷ್ಟು. ಮೂರರ ಹೊತ್ತಿಗೆ ಒಂದು ಬಂಡೆಯ ಮರೆಯಲ್ಲಿ ಕೂತ. ಕೂತಾಗ ಮೈ ಬೆಚ್ಚಗಾಯಿತು. ಚಳಿ ಹೋಯಿತು, ಇನ್ನು ಕೈಗವಸು ತೆಗೆಯಬಹುದು ಎನಿಸಿತು. ಡಾಕ್ಟರು ತಲೆಯಾಡಿಸಿದರು. ಮೈ ಬೆಚ್ಚಗಾಯಿತು ಎನಿಸಿದರೆ ಅದು ಕೊನೆಯ ಹಂತ ಎಂದು ನನಗೂ ಗೊತ್ತಿತ್ತು. ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡೆ.

"ಆಗ ಅವರು ಬಂದ್ರು," ಎಂದ ಅಳಿಯ. "ಎಡಗಡೆ, ಒಂದು ಹೆಜ್ಜೆ ಹಿಂದೆ. ತಿರುಗಿ ನೋಡಿದ್ರೆ ಕಾಣ್ತಿರಲಿಲ್ಲ, ಮಾತು ಮಾತ್ರ."

"ಏನು ಮಾತು?" ಡಾಕ್ಟರು ಕೇಳಿದರು.

"ಬೈಗುಳ. ಕೈಗವಸು ತೆಗೆದ್ರೆ ನಾಳೆ ಚಮಚ ಹಿಡಿಯೋಕೆ ಬೆರಳಿರಲ್ಲ, ಯಾರು ತಿನ್ನಿಸ್ತಾರೆ ನಿನಗೆ, ನನಗೆ ಬೇರೆ ಕೆಲಸ ಇಲ್ವಾ ಅಂದ್ರು. ಏಳಪ್ಪ, ಸಾಕು ಮಲಗಿದ್ದು ಅಂದ್ರು. ಕಾಲು ಬರಲ್ಲ ಅಂದೆ. ಕಾಲಿಗೆ ಕೇಳಿದ್ಯಾರು, ಹತ್ತು ಹೆಜ್ಜೆ ಹಾಕು, ನಿಂತು ಐದು ಉಸಿರು ತಗೋ, ಮತ್ತೆ ಹತ್ತು ಹೆಜ್ಜೆ ಅಂದ್ರು. ನನಗೆ ಅಳು ಬಂತು. ಅಳೋದಾದ್ರೆ ನಡೀತಾ ಅಳು, ಕೂತು ಅಳೋಕೆ ನನ್ನ ಹತ್ರ ಟೈಮಿಲ್ಲ ಅಂದ್ರು."

ಕಾರ್ಯದರ್ಶಿ ಬರೆಯುತ್ತಿದ್ದವರು ಪೆನ್ನು ನಿಲ್ಲಿಸಿದರು. ಅವರ ಕುತ್ತಿಗೆ ಮೆಲ್ಲಗೆ, ಬಲು ಮೆಲ್ಲಗೆ, ನನ್ನ ಕಡೆ ತಿರುಗಿತು. ಅವರ ಕೈ ತಾನಾಗಿ ಹರ್ನಿಯಾ ಹೊಲಿಗೆಯ ಜಾಗಕ್ಕೆ ಹೋಯಿತು. ನನ್ನ ಕಿವಿ ಬಿಸಿಯಾಯಿತು. ಆ ಮಾತುಗಳೆಲ್ಲ ನನ್ನವು. ಮೂವತ್ತೊಂದು ವರ್ಷ ದಿನಕ್ಕೆ ಇಪ್ಪತ್ತು ಸಲ ಆಡಿ ಸವೆಸಿದ ಮಾತುಗಳು.

ಅಳಿಯ ನನ್ನ ಕಡೆ ನೋಡಲಿಲ್ಲ, ನೆಲ ನೋಡಿಕೊಂಡು ಮುಂದುವರಿಸಿದ. "ಹತ್ತು ಹೆಜ್ಜೆಗೊಂದು ಸಲ ಎಣಿಸ್ತಾ ಬಂದ್ರು. ಸಂಜೆವರೆಗೂ. ಮಧ್ಯೆ ಒಂದು ಬಿಸ್ಕತ್ತಿತ್ತು, ಅರ್ಧ ಮುರಿದು ಅವರಿಗೆ ಚಾಚಿದೆ. ನನಗೆ ಸಕ್ಕರೆ ಕಾಯಿಲೆ ಇರೋದು ಗೊತ್ತಿಲ್ವಾ, ನೀನೇ ತಿನ್ನು ಅಂದ್ರು."

"ಭ್ರಮೆಗೆ ಸಕ್ಕರೆ ಕಾಯಿಲೆಯಾ?" ಡಾಕ್ಟರು ಕೇಳಿದರು. ಅವರ ಓದಿನಲ್ಲಿ ಇಂಥದ್ದು ಸಿಕ್ಕಿರಲಿಲ್ಲವೆಂದು ಕಾಣುತ್ತದೆ.

"ಅದಕ್ಯಾಕೆ ನಗ್ತೀರಿ," ಎಂದರು ಕಿಟಕಿಯ ಹತ್ತಿರದ ಎಂಟುಬೆರಳಜ್ಜ. "ನನ್ನ ಜೊತೆ ನಮ್ಮ ಶಾಲೆ ಹೆಡ್‌ಮೇಷ್ಟ್ರು ಬಂದಿದ್ರು, ಬೆತ್ತ ಹಿಡ್ಕೊಂಡು. ಮೇಲೆ ಒಬ್ಬರೇ ಹೋದ ಎಷ್ಟೋ ಜನಕ್ಕೆ ಹೀಗೆ ಯಾರಾದ್ರೂ ಬರ್ತಾರಪ್ಪ. ನಾವು ಯಾರೂ ಫಾರಂನಲ್ಲಿ ಬರೆಯಲ್ಲ, ಅಷ್ಟೆ. ನೀನ್ಯಾಕೆ ಹೆಸರು ಹೇಳ್ತಿಲ್ಲ?"

"ನನಗೆ ನಾಚಿಕೆ," ಎಂದ ಅಳಿಯ. "ನಾನು ಒಬ್ಬನೇ ಹೋಗೋದೇ ಇನ್ನೊಬ್ಬರ ಜೀವ ನನ್ನ ಹಗ್ಗದಲ್ಲಿ ನೇತಾಡಬಾರದು ಅಂತ. ಅವರಿಗೆ ವಯಸ್ಸಾಗಿದೆ. ನಾನು ಅಂದ್ರೆ ಆಗಲ್ಲ ಅವರಿಗೆ. ಅಂಥವರನ್ನ ಅಷ್ಟು ಎತ್ತರಕ್ಕೆ ಎಳ್ಕೊಂಡು ಹೋದೆ."

ಕೆಳಗೆ ಸೈಕಲ್ ಟ್ಯೂಬಿಗೆ ಗಾಳಿ ಹಾಕುವ ಸದ್ದು ಕೇಳುತ್ತಿತ್ತು. ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು. "ಸಿಸ್ಟರ್," ಎಂದರು, "ಆ ದಿನ ಮಧ್ಯಾಹ್ನ ನೀವೆಲ್ಲಿದ್ರಿ?"

"ಬೆಟ್ಟದ ಮೇಲಂತೂ ಅಲ್ಲ," ಎಂದೆ. "ಈ ಮಂಡೀಲಿ ನಿಮ್ಮ ಮೆಟ್ಟಿಲು ಹತ್ತೋದೇ ಸಾಕಾಯ್ತು."

"ಅಷ್ಟನ್ನೇ ಬರೆದುಕೊಡಿ," ಎಂದು ಅವರು ಒಂದು ಹಾಳೆ ಮುಂದಿಟ್ಟರು. ಅವರ ಮುಖದಲ್ಲಿ ನಿರಾಳ ಕಾಣಿಸಿತು. "ಆ ಹೊತ್ತಿಗೆ ಮನೆಯಲ್ಲಿದ್ದೆ ಅಂತ ಒಂದು ಸಾಲು. ಜೊತೆಗಿದ್ದವರೇ ನಾನಿರಲಿಲ್ಲ ಅಂದ ಮೇಲೆ ನಿಯಮದ ಅಡ್ಡಿ ಇಲ್ಲ. ಇವತ್ತೇ ಪ್ರಮಾಣಪತ್ರ ಕೊಡ್ತೀನಿ."

ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಮನೆಯಲ್ಲಿದ್ದೆ ಎಂದು ಬರೆದರೆ ಅವನು ಒಬ್ಬಂಟಿ, ವಸಂತಕ್ಕೆ ಆ ಗೋಡೆಗೆ ಹೊರಡುತ್ತಾನೆ. ಅವನ ಜೊತೆಗಿದ್ದೆ ಎಂದು ಬರೆದರೆ ಮನೆಯಲ್ಲೇ ಉಳಿಯುತ್ತಾನೆ, ಮಗಳ ಬಾಳು ಉಳಿಯುತ್ತದೆ. ಜೊತೆಗೊಬ್ಬರಿದ್ದರು ಎಂದು ಅವನೇ ಮೂವರ ಮುಂದೆ ಹೇಳಿದ್ದಾನೆ, ಅದು ನಾನೇ ಎಂದರೆ ಮುಗಿಯಿತು. ಪೆನ್ನು ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಆದರೆ ಈ ಕೈ ಸಾವಿರಾರು ರೋಗಿಗಳ ಚಾರ್ಟ್ ಬರೆದ ಕೈ. ನೂರಾ ಎರಡು ಜ್ವರವನ್ನು ಯಾರ ಸಂತೋಷಕ್ಕೂ ತೊಂಬತ್ತೊಂಬತ್ತು ಎಂದು ಬರೆದದ್ದಲ್ಲ. ಅವನೂ ತನಗೆ ನಷ್ಟವೆಂದು ಗೊತ್ತಿದ್ದೂ ಫಾರಂನಲ್ಲಿ ಸುಳ್ಳು ಬರೆದಿರಲಿಲ್ಲ. ‘ಆ ದಿನ ಮಧ್ಯಾಹ್ನ ನಾನು ನನ್ನ ಮನೆಯಲ್ಲಿದ್ದೆ’ ಎಂದು ಬರೆದು ಸಹಿ ಹಾಕಿದೆ.

ಕಾರ್ಯದರ್ಶಿ ಠಸ್ಸೆ ಒತ್ತಿದರು. ಎಂಟುಬೆರಳಜ್ಜ ಎದ್ದು ಬಂದು ಅಳಿಯನ ಬೆನ್ನು ತಟ್ಟಿದರು. ಅದೇ ಮೇಜಿನ ಮೇಲೆ ಅಳಿಯ ವಸಂತದಲ್ಲಿ ಆ ಗೋಡೆ ಹತ್ತಲು ಬೂಟಿನ ಕಂಪನಿಗೆ ಕಳಿಸುವ ಅರ್ಜಿಗೂ ಸಹಿ ಮಾಡಿದ. ಸಂಜೆಯ ಅಂಚೆಗೆ ಅದನ್ನು ಕಳಿಸುವುದಾಗಿ ಹೇಳಿ ಕಾರ್ಯದರ್ಶಿ ಫೈಲಿನಲ್ಲಿಟ್ಟುಕೊಂಡರು. ನಾನು ಅದನ್ನೆಲ್ಲ ನೋಡುತ್ತಾ ನಿಂತಿದ್ದೆ. ನನ್ನ ಮಗಳ ಮೇಲೆ ನಾನೇ ಠಸ್ಸೆ ಒತ್ತಿದ ಹಾಗಾಗಿತ್ತು.

ಹೊರಗೆ ಬಂದರೆ ಸೈಕಲ್ ಅಂಗಡಿಯವರು ಊಟಕ್ಕೆ ಹೋಗಿದ್ದರು. ಕಾಯುವುದು ಬೇಡವೆಂದು ಅಳಿಯ ಮೆಟ್ಟಿಲ ಮೇಲೆ ಕೂತು, ಒಂದೊಂದೇ ಮೆಟ್ಟಿಲು ಜಾರುತ್ತಾ ಇಳಿಯತೊಡಗಿದ. ಬ್ಯಾಂಡೇಜಿನ ಕಾಲು ಎಲ್ಲೂ ತಾಗದ ಹಾಗೆ ನೇರ ಚಾಚಿಕೊಂಡಿದ್ದ. ನಾನು ಪಕ್ಕದಲ್ಲಿ ಕಂಬಿ ಹಿಡಿದು ಇಳಿದೆ. ಮಧ್ಯದ ತಿರುವಿನಲ್ಲಿ ಇಬ್ಬರಿಗೂ ದಣಿವಾಯಿತು. ನಾನೂ ಕೂತೆ. ಅಲ್ಲಿ ಗಡಿಯಾರವಿರಲಿಲ್ಲ, ಬ್ಯಾಂಡೇಜಿನ ಜೊತೆ ಮಾತಾಡುವ ವಿಷಯವೂ ಅದಾಗಿರಲಿಲ್ಲ. ನಾಲ್ಕು ವರ್ಷದ ಮೇಲೆ ಅವನ ಮುಖ ನೋಡಿ ಹೇಳಿದೆ.

"ಇನ್ನೊಂದು ಸಲ ನನ್ನನ್ನ ಕರೀಬೇಡ. ನಾನು ಬರಲ್ಲ."

ಅವನು ಬೆಚ್ಚಿ ನನ್ನನ್ನು ನೋಡಿದ. ಆಮೇಲೆ ಮೆಲ್ಲಗೆ ಹೇಳಿದ. "ನಾನು ಕರೀಲಿಲ್ಲ ಅತ್ತೆ. ನೀವೇ ಬಂದ್ರಿ."

ಅವನು ಹೇಳಿದ್ದು ನಿಜ. ಆ ಮಧ್ಯಾಹ್ನ ಅವನ ಶಿಖರದ ಸಂದೇಶ ಬಂದ ಮೇಲೆ ಬೇರೆ ಸುದ್ದಿ ಬಂದಿರಲಿಲ್ಲ. ಮಗಳು ಕೆಲಸದಲ್ಲಿದ್ದಳು. ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕತ್ತಲಾಗುವವರೆಗೆ ಏಳಲಿಲ್ಲ. ಒಲೆ ಹಚ್ಚಲಿಲ್ಲ, ಮಾತ್ರೆ ತೆಗೆದುಕೊಳ್ಳಲಿಲ್ಲ. ಮನಸ್ಸಿನಲ್ಲಿ ಅವನನ್ನು ಬೈಯುತ್ತಲೇ ಇದ್ದೆ. ಕೂರಬೇಡ, ಏಳು, ಎಲ್ಲಾದರೂ ಕೂತೀಯ ಎಂದು. ಕಾಗದದ ಮೇಲೆ ಬರೆದದ್ದು ಸುಳ್ಳಲ್ಲ, ಆದರೆ ನಾನು ಮನೆಯಲ್ಲಿರಲಿಲ್ಲ.

"ಬಂದಿದ್ದೆ," ಎಂದೆ. "ಮತ್ತೆ ನೀನು ಹೋದ್ರೆ ಮತ್ತೆ ಬರ್ತೀನಿ. ಬರದೆ ಇರೋಕೆ ನನ್ನ ಕೈಲಾಗಲ್ಲ. ಆದ್ರೆ ನನಗೆ ಅರವತ್ತಾರಪ್ಪ. ಸಕ್ಕರೆ ಇದೆ, ಮಂಡಿ ಹೋಗಿದೆ. ಇನ್ನೊಂದು ಸಲ ಅಲ್ಲಿಂದ ಇಳಿದು ಬರೋ ಶಕ್ತಿ ನನಗಿಲ್ಲ. ನೀನು ಬಂದ್ರೂ ನಾನು ಬರಲ್ಲ."

ಅವನು ಅಪ್ಪ ಅಮ್ಮ ಕೇಳಿಕೊಂಡಾಗ ಬಗ್ಗದವನು, ಹೆಂಡತಿ ಅತ್ತಾಗ ಬಗ್ಗದವನು, ಎರಡು ಬೆರಳು ಹೋದಾಗಲೂ ಬಗ್ಗದವನು. ಮುಖ ಉಜ್ಜಿಕೊಂಡ. ಆಮೇಲೆ ಬೆನ್ನನ್ನು ಮೇಲಿನ ಮೆಟ್ಟಿಲ ಕಡೆಗೆ ತಿರುಗಿಸಿಕೊಂಡ.

"ಎಲ್ಲಿಗೆ?" ಎಂದೆ.

"ಅರ್ಜಿ ಮೇಲಿದೆ. ವಾಪಸ್ ತಗೊಂಡು ಬರ್ತೀನಿ."

"ನಾಳೆ ಫೋನ್ ಮಾಡಿ ಹೇಳಿದ್ರಾಯ್ತು."

"ನಾಳೆಗೆ ಮನಸ್ಸು ಬದಲಾಗುತ್ತೆ ಅತ್ತೆ. ನನ್ನ ಮನಸ್ಸು ನನಗೆ ಗೊತ್ತು."

ನಾನು ಏಳಲು ಹೋದೆ. ಅವನು ಬೇಡವೆಂದು ಕೈ ಅಡ್ಡ ಮಾಡಿದ. "ನೀವು ಇಲ್ಲೇ ಕೂತಿರಿ. ಬರಬೇಡಿ."

ಕೂತೆ. ಅವನು ಎರಡು ಅಂಗೈಗಳನ್ನೂ ಹಿಂದಿನ ಮೆಟ್ಟಿಲ ಮೇಲೆ ಊರಿದ. ಊರಿದ ಮೇಲೆ ಒಮ್ಮೆ ಒತ್ತಿ, ಅದು ತನ್ನ ಭಾರ ತಡೆಯುತ್ತದೆಯೇ ಎಂದು ನೋಡಿದ. ಸಿಮೆಂಟಿನ ಮೆಟ್ಟಿಲನ್ನೂ ಅವನು ಪರೀಕ್ಷೆ ಮಾಡದೆ ನಂಬಲಿಲ್ಲ. ಆಮೇಲೆ ಬಲಗಾಲಿನಿಂದ ಒದ್ದು ಮೈ ಎತ್ತಿ ಒಂದು ಮೆಟ್ಟಿಲು ಮೇಲಾದ. ನಿಂತು ಉಸಿರು ತೆಗೆದುಕೊಂಡ. ಮತ್ತೆ ಕೈ, ಮತ್ತೆ ಒತ್ತುವುದು, ಮತ್ತೆ ಒಂದು ಮೆಟ್ಟಿಲು. ಎಲ್ಲಿಯೂ ಆತುರವಿಲ್ಲ, ಒಂದು ಚಲನೆಯೂ ವ್ಯರ್ಥವಿಲ್ಲ, ಚಾಚಿದ ಎಡಗಾಲು ಒಮ್ಮೆಯೂ ಮೆಟ್ಟಿಲಿಗೆ ತಾಗಲಿಲ್ಲ. ಮೇಲೆ ಹೋಗುತ್ತಿದ್ದರೂ ಅವನ ಮುಖ ನನ್ನ ಕಡೆಗೇ ಇತ್ತು, ಕಣ್ಣಿನಲ್ಲಿ ನೀರಿತ್ತು. ನನ್ನ ಕಣ್ಣಿನಲ್ಲೂ ಇತ್ತು, ನಾನು ಒರೆಸಿಕೊಳ್ಳಲಿಲ್ಲ.

ಹನ್ನೊಂದು ಮೆಟ್ಟಿಲು. ಅವನು ಹತ್ತುವುದನ್ನು ಅದಕ್ಕೆ ಮೊದಲು ನಾನು ಒಮ್ಮೆಯೂ ನೋಡಿರಲಿಲ್ಲ. ಚೆನ್ನಾಗಿ ಹತ್ತುತ್ತಾನೆ, ಸುಳ್ಳೇಕೆ ಹೇಳಲಿ.